ಏರಿನ ಮೇಲಿನ ಹೊಳೆಗಲ್ಲು

2013 ಅಕ್ಟೋಬರ್ 3, ಗುರುವಾರ

ಬೆಳಗ್ಗೆ ಬಾಗಿಲು ತೆಗೆದು ಮರಳು ಗುಡಿಸುತ್ತಿದ್ದಾಗಲೇ ಉಬಾಲ್ದೊ ಬಂದ. ಕಾಫಿಗೆ ಬಂದಿರಬೇಕು ಅಂದುಕೊಂಡೆ. ಆದರೆ ಟೋಪಿ ಕೈಯಲ್ಲಿ ಹಿಡಿದಿದ್ದ. ಟೋಪಿ ತಲೆಯ ಮೇಲಿದ್ದರೆ ಅವನು ನನ್ನ ಮೈದುನ, ಕೈಗೆ ಬಂದರೆ ಸಾನ್ ಪ್ರಿಮಿತಿವೊ ಪುರಸಭೆಯ ಅಧ್ಯಕ್ಷ. ಏನೋ ಕೆಲಸ ಆಗಬೇಕಾಗಿದೆ ಎಂದು ಗೊತ್ತಾಯಿತು.

“ಅತ್ತಿಗೆ, ನಿಮ್ಮದೊಂದು ಸಹಿ ಬೇಕಿತ್ತು.”

“ಎಂಥ ಸಹಿ?”

“ಊರಿನ ಚರಿತ್ರೆಗಾರ್ತಿ ಅಂತ. ತೆಕೊಲೋತೆ ಏರಿನ ಮೇಲೆ ಕಲ್ಲುಗುಪ್ಪೆ ಇದೆಯಲ್ಲ, ಅದೇ ನಮ್ಮ ಗಡಿಗಲ್ಲು ಅಂತ ಬರೆದುಕೊಡಬೇಕು. ರಾಜಧಾನಿಯಿಂದ ಗಡಿ ಸಮಿತಿಯೋರು ತಿಂಗಳ ಕೊನೆಗೆ ಬರ್ತಾರೆ.”

ಕಾಗದ ಟೈಪ್ ಮಾಡಿಸಿಕೊಂಡೇ ಬಂದಿದ್ದ. ‘ಎರ್ಮೀನಿಯಾ ಬಯೇಸಾ ಎಂಬ ನಾನು ಬಲ್ಲಂತೆ’ ಎಂದು ಶುರು. ನಾನು ಏನು ಬಲ್ಲೆ ಎಂದು ನನಗೇ ಹೇಳಿಕೊಡುವ ಕಾಗದ.

ಜಗಳ ಹಳೆಯದು. ನಮ್ಮ ಪುರಸಭೆ ಹುಟ್ಟಿದ ಆಜ್ಞೆಯಲ್ಲಿ ಪಡುವಣ ಗಡಿಗೆ ಇರುವುದು ಒಂದೇ ಸಾಲು: ‘ತೆಕೊಲೋತೆ ಚಿಲುಮೆಯ ಬಳಿಯ ಕಲ್ಲುಗುಪ್ಪೆಯಿಂದ ನೇರ ಹೊಳೆಗೆ.’ ಅದನ್ನು ಬರೆದ ಪುಣ್ಯಾತ್ಮ ಈ ಕಡೆ ಕಾಲಿಟ್ಟವನೇ ಅಲ್ಲ. ಚಿಲುಮೆಯ ಬಳಿ ಗುಪ್ಪೆಗಳು ಎರಡಿವೆ. ಚಿಲುಮೆ ದಾಟಿದ ಮೇಲೆ ಏರಿನ ತುದಿಯಲ್ಲಿ ದೊಡ್ಡದೊಂದು. ಚಿಲುಮೆಗೆ ಮೊದಲೇ, ಊರ ಕಡೆ, ಇದೆಯೋ ಇಲ್ಲವೋ ಎನ್ನುವಂಥ ಸಣ್ಣದೊಂದು. ದೊಡ್ಡದರಿಂದ ಗೆರೆ ಎಳೆದರೆ ಚಿಲುಮೆ ನಮ್ಮದು, ಹೊಳೆದಂಡೆಯ ವಾದೊ ಹಳ್ಳಿಯೂ ನಮ್ಮದು. ಸಣ್ಣದರಿಂದ ಎಳೆದರೆ ಎರಡೂ ಪಕ್ಕದ ತಿನಾಹಾಸ್ ಪುರಸಭೆಗೆ. ಊರಿಗೆ ಕುಡಿಯುವ ನೀರು ಕೊಳವೆಯಲ್ಲಿ ಬರುವುದು ಆ ಚಿಲುಮೆಯಿಂದಲೇ. ಊರ ಬಾವಿಯ ನೀರನ್ನು ಕತ್ತೆಯೂ ಮೂಸುವುದಿಲ್ಲ. ತಿನಾಹಾಸ್‌ನವರಿಗೋ ಆ ನೀರಿನಲ್ಲಿ ಪೆಕಾನ್ ಕಾಯಿಯ ತೋಟ ಎಬ್ಬಿಸುವ ಹುಚ್ಚು ಹಿಡಿದಿದೆ.

“ಇಟ್ಟು ಹೋಗು, ನೋಡ್ತೀನಿ,” ಎಂದೆ.

ಹೋಗುವಾಗ ಮೂಲೆಯ ಮೈಕಿನ ಕಡೆ ನೋಡಿದ. ನಾನೀಗ ಚರಿತ್ರೆ ಬರೆಯುವ ಈ ಕೋಣೆ ಮೊದಲು ಊರಿನ ಫೋನ್ ಕೋಣೆಯಾಗಿತ್ತು. ಇಡೀ ಊರಿಗೆ ಒಂದೇ ಫೋನು, ಅದಕ್ಕೆ ನಾನೊಬ್ಬಳು. ಚಾವಣಿಯ ಮೇಲಿನ ಧ್ವನಿವರ್ಧಕ ಇನ್ನೂ ಹಾಗೇ ಬಾಯಿ ತೆರೆದು ನಿಂತಿದೆ.

“ಸಮಿತಿ ಬರೋ ವಿಷಯ ಊರಿಗೆಲ್ಲ ಹೇಳ್ಬೇಕು ಅತ್ತಿಗೆ. ಮೈಕು ಕೆಲಸ ಮಾಡತ್ತಲ್ಲ?”

“ಮೈಕು ಮಾಡತ್ತೆ. ನಾನು ಮಾಡಲ್ಲ.”

ಏರಿನ ಗುಪ್ಪೆ ಗಡಿಗಲ್ಲಲ್ಲ. ಅದು ಹೆಣ ಹೊತ್ತವರು ಹೆಗಲು ಇಳಿಸುವ ಜಾಗ. ಹೊಳೆಯ ಆಚೆ ದಡದ ದೇಶಕ್ಕೆ ದುಡಿಯಲು ಹೋಗಿ ಅಲ್ಲೇ ಸತ್ತವರನ್ನು ದೋಣಿಯಲ್ಲಿ ವಾದೊಗೆ ತಂದು, ಕಡಿದಾದ ಕಾಲುದಾರಿಯಲ್ಲಿ ಏರು ಹತ್ತಿಸಿ, ತುದಿಯಲ್ಲಿ ಪೆಟ್ಟಿಗೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಹೊತ್ತವರು ಒಬ್ಬೊಬ್ಬರೂ ಒಂದೊಂದು ಕಲ್ಲಿಟ್ಟು ಮುಂದೆ ಹೊರಡುತ್ತಿದ್ದರು. ಇದು ನನಗೆ ಗೊತ್ತು, ಉಬಾಲ್ದೊಗೆ ಇನ್ನೂ ಚೆನ್ನಾಗಿ ಗೊತ್ತು. ಬೇರೆ ಮಾತು ಇಲ್ಲಿ ಬೇಡ. ಇದು ನೀರಿನ ವಿಷಯ.

ಅಕ್ಟೋಬರ್ 7, ಸೋಮವಾರ

ನಲ್ಲಿಯ ಹತ್ತಿರ ಕೂಕಾ ಸಿಕ್ಕಳು. ಪಕ್ಕದ ಮನೆಯವಳು, ಮೇಕೆ ಸಾಕಿ ಚೀಸು ಮಾಡಿ ಮಾರುತ್ತಾಳೆ. ಬಾಯಿ ಬಿಟ್ಟರೆ ಮುಚ್ಚುವುದು ಅಪರೂಪ. ಊರಿಗೆಲ್ಲ ಸುದ್ದಿ ಮುಟ್ಟಿದೆ ಎಂದಾಯಿತು, ಮೈಕಿಲ್ಲದೆಯೇ.

“ಸಹಿ ಹಾಕಿದ್ಯೇನೇ?”

“ಇನ್ನೂ ಓದ್ತಿದ್ದೀನಿ.”

“ಒಂದು ಹಾಳೆ ಓದೋಕೆ ಎಷ್ಟು ದಿನ ಬೇಕು ಮಹರಾಯ್ತಿ? ಮದುವೆ ಕಾಗದಕ್ಕೂ ನೀನು ಇಷ್ಟು ಯೋಚನೆ ಮಾಡಿರ್ಲಿಲ್ಲ.”

“ಮಾಡಿದ್ರೆ ಚೆನ್ನಾಗಿತ್ತು.”

ಅವಳು ನಕ್ಕಳು. ಆಮೇಲೆ ಬಿಂದಿಗೆ ಸೊಂಟಕ್ಕೇರಿಸಿಕೊಂಡು ಹತ್ತಿರ ಬಂದಳು. “ಅದು ಏನು ಜಾಗ ಅಂತ ನಂಗೂ ಗೊತ್ತು ಕಣೇ. ನಮ್ಮಪ್ಪನ್ನೂ ಅದೇ ದಾರೀಲಿ ತಂದ್ರು. ಆದ್ರೆ ಸತ್ತೋರಿಗೆ ಬಾಯಾರಿಕೆ ಆಗಲ್ಲ. ನನ್ನ ಮೇಕೆಗೆ ಆಗತ್ತೆ, ನನ್ನ ಮೊಮ್ಮಗೂಗೆ ಆಗತ್ತೆ.”

ಅವಳ ಮಾತಿನಲ್ಲಿ ತಪ್ಪು ಹುಡುಕಿ ಸಾಕಾಯಿತು, ಸಂಜೆಯವರೆಗೂ ಸಿಗಲಿಲ್ಲ.

ಅಕ್ಟೋಬರ್ 12, ಶನಿವಾರ

ಊರಿನ ಚರಿತ್ರೆಯ ಮೊದಲ ಅಧ್ಯಾಯವನ್ನು ಮತ್ತೆ ಕೈಗೆತ್ತಿಕೊಂಡೆ. ಎಷ್ಟು ವರ್ಷದಿಂದ ಬರೆಯುತ್ತಿದ್ದೇನೋ ಈ ಹಾಳು ಭೂಗೋಳ. ‘ಬಡಗಣಕ್ಕೆ ಹೊಳೆ, ಅದರಾಚೆ ಬೇರೆ ದೇಶ. ತೆಂಕಣಕ್ಕೆ ಉಪ್ಪಿನ ಬಯಲು. ಮೂಡಣಕ್ಕೆ ಕಮರಿ.’ ಪಡುವಣಕ್ಕೆ ಬಂದು ಪೆನ್ನು ನಿಂತಿತು.

ಒಂದೊಂದು ಕಾಲದಲ್ಲಿ ಒಂದೊಂದಕ್ಕಾಗಿ ಜನ ಇಲ್ಲಿಗೆ ಬಂದರು. ಮೊದಲು ಅಪಾಚೆ ಬುಡಕಟ್ಟಿನವರನ್ನು ತಡೆಯಲು ಸಿಪಾಯಿಗಳು ಬಂದರು, ಕೋಟೆಯ ಗೋಡೆ ಒಣಗುವ ಮೊದಲೇ ಹೊರಟೂ ಹೋದರು. ಆಮೇಲೆ ಕಾಂದೆಲಿಲ್ಯಾ ಗಿಡವನ್ನು ಕುದಿಸಿ ಮೇಣ ತೆಗೆಯುವವರು, ಆ ಮೇಣವನ್ನು ಇರುಳು ಹೊಳೆ ದಾಟಿಸುವವರು. ಆಮೇಲೆ ಗಣಿ. ಗಣಿ ಮುಚ್ಚಿದ ಮೇಲೆ ಇಲ್ಲಿಂದ ಹೋಗುವವರದೇ ಕಾಲ. ಬಂದವರಿಗೆ ಲೆಕ್ಕವಿದೆ, ಸರಕಾರದ ಕಪಾಟಿನಲ್ಲಿ ದಾಖಲೆಯಿದೆ. ಹೋದವರಿಗೆ ಏನಿದೆ?

ಸುಮ್ಮನೆ ಕೂತರೆ ಆಗುವುದಿಲ್ಲವೆಂದು ಗ್ಯಾಸಿನ ಲಾರಿಯವನನ್ನು ಕೇಳಿಕೊಂಡು ಚಿಲುಮೆಯ ದಾರಿಯಲ್ಲಿ ಇಳಿದೆ. ಏರಿಗೆ ಹೋಗಲಿಲ್ಲ. ಈಚೆಯ ಸಣ್ಣ ಗುಪ್ಪೆಯನ್ನು ಹುಡುಕಿದೆ. ಮುಳ್ಳುಪೊದೆಯ ಬುಡದಲ್ಲಿತ್ತು, ಮೊಣಕಾಲೆತ್ತರವೂ ಇಲ್ಲ. ಮೂಲೆ ಚೂಪಾದ ಸುಣ್ಣಕಲ್ಲು, ನಾಲ್ಕೂ ಬದಿ ನೇರ. ಯಾರೋ ಲೆಕ್ಕ ಹಾಕಿ ಕಟ್ಟಿದ್ದು. ಹಿಂದಿನ ಕಾಲದ ಭೂಮಾಪಕರು ಗಡಿಗಲ್ಲಿನ ಕೆಳಗೆ ಇದ್ದಿಲು ಹೂಳುತ್ತಿದ್ದರು. ಕಲ್ಲು ಕದ್ದರೂ ಇದ್ದಿಲು ಕೊಳೆಯುವುದಿಲ್ಲ, ಸಾಕ್ಷಿಗೆ ಉಳಿಯುತ್ತದೆ.

ಕೋಲಿನಿಂದ ಕೆದಕಿದೆ. ಮೊಳದಷ್ಟು ಆಳದಲ್ಲಿ ಕೋಲಿನ ತುದಿ ಕಪ್ಪಾಯಿತು.

ಆಚೀಚೆ ನೋಡಿ, ಕಳ್ಳಿಯ ಹಾಗೆ ಮಣ್ಣು ಮುಚ್ಚಿ, ಅದರ ಮೇಲೆ ಕಾಲಿಂದ ತುಳಿದು ಬಂದೆ. ಕೈ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿಲ್ಲ.

ಅಕ್ಟೋಬರ್ 16, ಬುಧವಾರ

ಉಬಾಲ್ದೊಗೆ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಹೊಟ್ಟೆಯಲ್ಲಿ ಇಟ್ಟುಕೊಂಡಿರಲಾಗಲಿಲ್ಲ.

ಅವನು ಬಾಗಿಲು ಮುಂದೆ ಮಾಡಿ ಕೂತ. “ಯಾರಾದ್ರೂ ನೋಡಿದ್ರಾ?”

“ಒಂದು ಓತಿಕ್ಯಾತ ನೋಡ್ತು.”

“ತಮಾಷೆ ಬೇಡ ಅತ್ತಿಗೆ. ನೀವು ಅದನ್ನ ಮರೆತುಬಿಡಿ. ಏರಿನ ಗುಪ್ಪೆ ಕೆಳಗೂ ನಾನು ಒಂದಿಷ್ಟು ಇದ್ದಿಲು ಹಾಕಿಸ್ತೀನಿ. ಅವರು ಅಗೆದು ನೋಡ್ಕೊಳ್ಳಲಿ.”

“ಎಲ್ಲಿಂದ ತರ್ತೀಯ ಇದ್ದಿಲು? ಭಾನುವಾರ ಮಾಂಸ ಸುಡೋ ಒಲೆಯಿಂದಲಾ? ಆ ಸಮಿತಿ ಎಂಜಿನಿಯರು ಮೂಸಿ ನೋಡಿ, ಉಪ್ಪು ಸ್ವಲ್ಪ ಕಮ್ಮಿ ಆಗಿದೆ ಅಂತಾನೆ.”

ಅವನಿಗೆ ನಗು ಬರಲಿಲ್ಲ. ಮುಖ ಕೆಂಪಾಯಿತು. “ಊರಿಗೆ ನೀರು ಉಳಿಸೋಕೆ ನಾನು ಒದ್ದಾಡ್ತಿದ್ದೀನಿ, ನೀವು ನನ್ನ ಕಾಲೆಳೀತೀರಿ. ಅಣ್ಣ ಇದ್ದಿದ್ರೆ ಎರಡನೇ ಮಾತಿಲ್ಲದೆ ಸಹಿ ಹಾಕಿ ಅಂತಿದ್ದ.”

“ನಿಮ್ಮಣ್ಣ ಇಲ್ಲ. ಇದ್ದಾಗಲೂ ಇರ್ಲಿಲ್ಲ. ಎದ್ದು ಹೋಗು.”

ಎದ್ದು ಹೋದ. ಟೋಪಿ ಬಿಟ್ಟು ಹೋಗಿದ್ದಾನೆ. ಕಾಯಿಸಲಿ ಬಿಸಿಲು ತಲೆಯನ್ನು.

ಇಲ್ಲಿ ಬರೆದುಬಿಡುವುದೇ ವಾಸಿ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಆ ಗುಪ್ಪೆಯ ಮೇಲೆ ಕೊನೆಗೆ ಇಳಿಸಿದ ಪೆಟ್ಟಿಗೆಗಳಲ್ಲಿ ನನ್ನ ಗಂಡನದೂ ಒಂದು. ಹೇಳದೆ ಕೇಳದೆ ಹೊಳೆ ದಾಟಿ ಕರಬೂಜದ ಹೊಲಕ್ಕೆ ಹೋದ ಮನುಷ್ಯ, ಪೆಟ್ಟಿಗೆಯಲ್ಲಿ ವಾಪಸು ಬಂದ. ಉಬಾಲ್ದೊ ಮುಂದಿನ ಹೆಗಲು ಕೊಟ್ಟಿದ್ದ. ಹೆಂಗಸರು ಕೆಳಗೆ, ಚಿಲುಮೆಯ ಬಳಿ ಲಾರಿ ಹತ್ತಿರ ಕಾಯುವುದು ರೂಢಿ. ನಾನು ಕಾದೆ. ಏರು ಹತ್ತಲಿಲ್ಲ. ಅಂದಿನಿಂದ ಇಂದಿನವರೆಗೂ ಹತ್ತಿಲ್ಲ.

ಅಕ್ಟೋಬರ್ 17, ಗುರುವಾರ

ಇಡೀ ದಿನ ಗಾಳಿ. ಬಾಯಲ್ಲೆಲ್ಲ ಮರಳು. ಯಾರ ಜೊತೆಯೂ ಮಾತಾಡಲಿಲ್ಲ, ಯಾರೂ ಬರಲೂ ಇಲ್ಲ.

ಅಕ್ಟೋಬರ್ 20, ಭಾನುವಾರ

ವಾದೊಗೆ ಹೋಗಿದ್ದೆ. ಚರಿತ್ರೆಯ ಕೆಲಸಕ್ಕೆ, ಬೇರೆ ಯಾತಕ್ಕೂ ಅಲ್ಲ. ಈಗ ವಾಹನಗಳ ದಾರಿ ಏರನ್ನು ಬಿಟ್ಟು ಹಳ್ಳದ ಗುಂಟ ಸುತ್ತಿ ಹೋಗುತ್ತದೆ, ಹಾಗಾಗಿ ಗುಪ್ಪೆಯ ಮುಂದೆ ಹಾಯಬೇಕಾಗಲಿಲ್ಲ.

ದೊನ್ ಫಿದೆನ್ಸಿಯೊ ಮನೆಯ ನೆರಳಲ್ಲಿ ಕೂತು ಬೀನ್ಸ್ ಆರಿಸುತ್ತಿದ್ದರು. ಅಂಬಿಗರಾಗಿದ್ದವರು. ಆಚೆಯವರು ಕಡವು ಮುಚ್ಚಿಸಿದ ಮೇಲೆ ದೋಣಿ ಅಂಗಳದಲ್ಲಿ ಮಗುಚಿ ಬಿದ್ದಿದೆ. ಅದರ ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತವೆ.

“ಬಾ ಮಗಳೇ. ದೋಣಿಗೆ ಬಂದ್ಯಾ, ಮೊಟ್ಟೆಗೆ ಬಂದ್ಯಾ?”

“ಮಾತಿಗೆ ಬಂದೆ.”

“ಅದು ಬಿಟ್ಟಿ. ಕೂತ್ಕೊ.”

ಅವರು ಬೀನ್ಸಿನ ನಡುವೆ ಸಿಕ್ಕ ಕಲ್ಲುಗಳನ್ನು ಎಸೆಯುತ್ತ ಹೇಳಿದರು. ಪೆಟ್ಟಿಗೆ ದಡ ಮುಟ್ಟಿದ ಕೂಡಲೇ ಹೊರುವವರು ನೀರಿಗಿಳಿದು, ತಳದಿಂದ ಒಂದೊಂದು ಕಲ್ಲು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ದಾರಿಯ ಕಲ್ಲು ಆಗದು, ಹೊಳೆಯದೇ ಆಗಬೇಕು. ಹೊಳೆ ಕೊಂಡೊಯ್ದದ್ದನ್ನು ಹೊಳೆಯೇ ವಾಪಸು ಕೊಟ್ಟಿದೆ ಎಂಬುದಕ್ಕೆ ಗುರುತು. ಏರು ಹತ್ತುವಾಗ ತೊಡೆಗೆ ಬಡಿಯುತ್ತದೆ, ತುದಿ ತಲುಪಿದಾಗ ಹಗುರಾಗುತ್ತದೆ.

“ತಿನಾಹಾಸ್‌ನೋರು ಯಾವತ್ತಾದ್ರೂ ಆ ದಾರೀಲಿ ಹೋಗಿದ್ರಾ?” ಎಂದು ಕೇಳಿದೆ.

“ಅವರಿಗೆ ಅಲ್ಲಿ ಏನು ಕೆಲಸ? ಅವರ ಸ್ಮಶಾನ ಹೊಳೆಗುಂಟ ಕೆಳಗಡೆ ಇದೆ. ವಾದೊದಲ್ಲಿ ಸತ್ತೋರೂ ನಿಮ್ಮೂರಿಗೇ ಬಂದ್ರು. ನಾನೂ ಅಲ್ಲಿಗೇ ಬರೋನು. ಜಾಗ ಇಟ್ಟಿದ್ದೀರಾ?”

“ಇನ್ನೂ ಗಟ್ಟಿಯಾಗಿದ್ದೀರಿ, ಜಾಗಕ್ಕೇನು ಅವಸರ.”

ಅವರು ಇನ್ನೊಂದು ಕಲ್ಲು ಆರಿಸಿ ಎಸೆದರು. “ನಿನ್ನ ಗಂಡ ನಬೋರ್ ಭಾರ ಇದ್ದ. ದೋಣಿ ಒಂದು ಕಡೆ ವಾಲ್ತಿತ್ತು. ‘ಸರಿಯಾಗಿ ಕೂತ್ಕೊಳೋ’ ಅಂತ ಬೈದೆ, ಅಭ್ಯಾಸಬಲ.”

ನಾನು ಹೊಳೆಯ ಕಡೆ ಎದ್ದು ಹೋದೆ. ಈಗ ಆಳುದ್ದದ ನೀರಿಲ್ಲ, ಮಂಡಿವರೆಗೆ ಲಂಗ ಎತ್ತಿ ದಾಟಬಹುದು. ಆಚೆ ದಡದ ಕಂಬದ ಮೇಲಿನ ಕ್ಯಾಮೆರಾ ನನ್ನ ಕಡೆ ಮುಖ ತಿರುಗಿಸಿತು. ಕಾಲು ತೋಯಿಸಿ ಬಂದೆ. ಒಂದು ಕರೀ ಕಲ್ಲು, ಅಂಗೈಯಲ್ಲಿ ಕೂರುವಂಥದು, ಚೆನ್ನಾಗಿತ್ತು ಅಂತ ತಂದಿದ್ದೇನೆ. ಗಾಳಿಗೆ ಈ ಹಾಳೆಗಳು ಹಾರುತ್ತವೆ, ಮೇಲೆ ಇಡಲಿಕ್ಕಾಯಿತು.

ಅಕ್ಟೋಬರ್ 24, ಗುರುವಾರ

ಪುರಸಭೆಯ ಗುಮಾಸ್ತೆ ಬಂದು ಮತ್ತೆ ಮೈಕಿನ ವಿಷಯ ಎತ್ತಿದಳು. ಸಮಿತಿ ಬುಧವಾರ ಬರುತ್ತದೆ, ಊರವರೆಲ್ಲ ಏರಿನ ಹತ್ತಿರ ಸೇರಬೇಕು, ಹೇಳಿ ಎಂದಳು. ಹಲಗೆಯ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದೆ.

“ಯಾಕೆ ದೊನ್ಯಾ ಎರ್ಮೀನಿಯಾ, ಮೈಕಲ್ಲಿ ಹೇಳಿದ್ರೆ ನಿಮ್ಮ ಗಂಟು ಏನು ಹೋಗತ್ತೆ?” ಎಂದಳು. ಚಿಕ್ಕವಳು, ಅವಳಿಗೆ ಗೊತ್ತಿಲ್ಲ.

ಫೋನಿನ ಕೆಲಸ ಹೀಗಿತ್ತು. ಆಚೆ ದಡದಿಂದ ಕರೆ ಬರುತ್ತದೆ, ಯಾರು ಬೇಕೆಂದು ಕೇಳುತ್ತೇನೆ, ‘ಸ್ವಲ್ಪ ಇರಿ’ ಎಂದು ಮೈಕು ಹಾಕಿ ಹೆಸರು ಕೂಗುತ್ತೇನೆ. ‘ಇಂಥವರೇ, ನಿಮಗೆ ಆಚೆ ದಡದಿಂದ ಫೋನ್ ಬಂದಿದೆ.’ ಹಿಟ್ಟು ಮೆತ್ತಿದ ಕೈಯಲ್ಲೇ ಹೆಂಗಸರು ಓಡಿ ಬರುತ್ತಿದ್ದರು. ಯಾರ ಗಂಡ ಭಾನುವಾರ ತಪ್ಪದೆ ಮಾಡುತ್ತಾನೆ, ಯಾರ ಮಗ ಮಾಡುವುದಿಲ್ಲ, ಎಲ್ಲವೂ ಇಡೀ ಊರಿಗೆ ಕೇಳಿಸುತ್ತಿತ್ತು. ದಿನವಿಡೀ ಅದೇ ಕೆಲಸ. ಕೈ ತಾನಾಗಿಯೇ ಮೈಕಿಗೆ ಹೋಗುತ್ತಿತ್ತು.

ಆ ದಿನ ಮಧ್ಯಾಹ್ನ ಯಾರೋ ಗಂಡಸಿನ ದನಿ, ಗುರುತಿಲ್ಲ. “ಎರ್ಮೀನಿಯಾ ಬಯೇಸಾ ಬೇಕಾಗಿತ್ತು,” ಎಂದ.

“ಸ್ವಲ್ಪ ಇರಿ,” ಎಂದೆ. ಮೈಕು ಹಾಕಿದೆ. “ಎರ್ಮೀನಿಯಾ ಬಯೇಸಾ. ನಿಮಗೆ ಆಚೆ ದಡದಿಂದ ಫೋನ್ ಬಂದಿದೆ.”

ಇಡೀ ಊರಿಗೆ ಕೇಳಿಸಿತು. ಚೌಕದಲ್ಲಿ ನಗು ಎದ್ದದ್ದು ಇಲ್ಲಿಗೆ ಕೇಳಿಸಿತು. ನನಗೂ ನಗು ಬಂತು. ನಗುತ್ತಲೇ ಫೋನೆತ್ತಿ “ನಾನೇ ಹೇಳಿ” ಎಂದೆ. ಮೈಕು ಆರಿಸಿರಲಿಲ್ಲ. ನಬೋರ್ ಹೊಲದಲ್ಲೇ ಸತ್ತ ಎಂದಿತು ಆ ದನಿ. ಆಮೇಲೆ ನಾನು ಏನು ಕೂಗಿದೆನೋ ಅದೂ ಊರಿಗೆಲ್ಲ ಕೇಳಿಸಿತಂತೆ. ನನಗೆ ನೆನಪಿಲ್ಲ. ಕೂಕಾ ಓಡಿ ಬಂದು ಗುಂಡಿ ಒತ್ತಿ ಆರಿಸಿದಳು.

ಮರುವಾರದಿಂದ ಹೆಸರುಗಳನ್ನು ಹಲಗೆಯಲ್ಲಿ ಬರೆಯಲು ಶುರು ಮಾಡಿದೆ. ಊರು ಗೊಣಗಿತು, ಆದರೆ ಯಾರೂ ಎದುರಿಗೆ ಕೇಳಲಿಲ್ಲ.

ಇದೆಲ್ಲ ಈಗ ಯಾಕೆ ಬರೆದೆನೋ. ಚರಿತ್ರೆಗೆ ಬೇಡವಾದದ್ದು.

ಅಕ್ಟೋಬರ್ 27, ಭಾನುವಾರ

ಸಂಜೆ ಉಬಾಲ್ದೊ ಬಂದ. ಲಾರಿಯಿಂದ ಇದ್ದಿಲಿನ ಚೀಲವೊಂದನ್ನು ಇಳಿಸಿ ನನ್ನ ಬಾಗಿಲಲ್ಲಿ ಇಟ್ಟ. ಬಾಯಿ ಹೊಲಿದದ್ದು ಹೊಲಿದ ಹಾಗೇ ಇತ್ತು. ಗುದ್ದಲಿ ಹಿಡಿದ ಅಂಗೈ ಕೆಂಪಾಗಿತ್ತು.

“ಚಳಿಗಾಲಕ್ಕೆ ಇಟ್ಕೊಳ್ಳಿ,” ಎಂದ.

ಒಳಗೆ ಕರೆದು ಕಾಫಿ ಕೊಟ್ಟೆ. ಟೋಪಿ ಮೊಳೆಗೆ ನೇತುಹಾಕಿದ್ದೆ, ಅದನ್ನೂ ಕೊಟ್ಟೆ. ತಲೆಗೆ ಹಾಕಿಕೊಂಡ.

“ಒಬ್ಬನೇ ಹೋಗಿದ್ದೆ,” ಎಂದ. “ಬೇರೆಯೋರ ಕೈಲಿ ಮಾಡಿಸೋದು ಬೇಡ ಅನ್ನಿಸ್ತು. ಮೇಲಿನ ಕಲ್ಲು ಒಂದಷ್ಟು ತೆಗೆದು ಪಕ್ಕಕ್ಕಿಟ್ಟೆ. ಆಮೇಲೆ ಒಂದು ಕಲ್ಲು ಬಂತು, ಅದಕ್ಕೆ ಅಡ್ಡ ಬಿಳೀ ಗೆರೆ. ನಾನೇ ಇಟ್ಟಿದ್ದು ಅತ್ತಿಗೆ. ಹೊಳೇಲಿ ಎಲ್ಲರೂ ಸಿಕ್ಕಿದ್ದು ತಗೊಂಡ್ರೆ ನಾನು ಹುಡುಕ್ತಾ ನಿಂತಿದ್ದೆ. ದೊನ್ ಫಿದೆನ್ಸಿಯೊ ಬೈದ್ರು, ‘ಏನು ಉಂಗುರ ಆರಿಸ್ತಿದ್ದೀಯೇನೋ’ ಅಂತ.”

ಅವನು ಚಿಕ್ಕವನಿದ್ದಾಗ ನಬೋರ್‌ನ ಹಿಂದೆಯೇ ಬಾಲದ ಹಾಗೆ ಓಡಾಡುತ್ತಿದ್ದ. ನಾನು ಸೊಸೆಯಾಗಿ ಆ ಮನೆಗೆ ಹೋದಾಗ ನಮ್ಮಿಬ್ಬರ ನಡುವೆ ಬಂದು ಮಲಗಿ ಬೈಸಿಕೊಂಡಿದ್ದ.

“ತೆಗೆದಿದ್ದನ್ನ ಎಲ್ಲ ವಾಪಸು ಇಟ್ಟೆ. ಸರಿಯಾಗಿ ಇಟ್ಟೆನೋ ಇಲ್ವೋ.”

“ಇಟ್ಟಿರ್ತೀಯ.”

“ಬುಧವಾರ ಏನು ಹೇಳೋದು?”

“ನೀನು ಅಧ್ಯಕ್ಷ.”

“ನೀವು ಹೇಳಿದ್ದನ್ನ ನಾನು ಅಲ್ಲ ಅನ್ನಲ್ಲ. ಅಷ್ಟೇ ನನ್ನ ಕೈಲಿ ಆಗೋದು. ಆದ್ರೆ ಅತ್ತಿಗೆ, ನೀರು ಹೋದ್ರೆ ಊರು ಹೋಯ್ತು. ಅದೂ ನಿಮ್ಮ ತಲೇಲಿರ್ಲಿ.”

ಅವನು ಹೋದ ಮೇಲೆ ಕಾಗದ ಮುಂದಿಟ್ಟುಕೊಂಡು ಕೂತೆ. ಸಹಿ ಹಾಕಿದರೆ ಸುಳ್ಳು, ಹಾಕದಿದ್ದರೆ ಬಾಯಾರಿಕೆ. ಸಿಟ್ಟೆಲ್ಲ ನಬೋರ್ ಮೇಲೆ ಬಂತು. ಊರಲ್ಲಿ ಸತ್ತಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಎಲ್ಲಿ ಹೋದರೂ ನನಗೇ ಕೆಲಸ ಹಚ್ಚಿ ಹೋಗುತ್ತಿದ್ದ, ಅಂಗಿಗೆ ಗುಂಡಿ ಹೊಲಿಸುವುದರಿಂದ ಹಿಡಿದು.

ಅಕ್ಟೋಬರ್ 30, ಬುಧವಾರ

ಇವತ್ತಿನದು ಇವತ್ತೇ ಬರೆದಿಡಬೇಕು.

ಏರು ಹತ್ತಿದೆ. ಕೂಕಾ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ತಳ್ಳಿದಳು, ನನ್ನ ಭಾರದ ಬಗ್ಗೆ ಮಾತಾಡುತ್ತಲೇ. ತುದಿಯಲ್ಲಿ ಎಷ್ಟೊಂದು ಜನ. ದೊನ್ ಫಿದೆನ್ಸಿಯೊ ಕತ್ತೆಯ ಮೇಲೆ ಬಂದಿದ್ದರು. ಸಮಿತಿಯ ಎಂಜಿನಿಯರು ಗಂಡಸೆಂದುಕೊಂಡಿದ್ದೆ, ಹೆಂಗಸು. ಇತ್ಸೆಲ್ ಓರ್ನೆಲಾಸ್ ಅಂತ, ಮೂವತ್ತೂ ತುಂಬಿರಲಾರದು, ಮೂಗಿಗೆಲ್ಲ ಬಿಸಿಲಿನ ಮುಲಾಮು ಬಳಿದುಕೊಂಡಿದ್ದಳು. ತಿನಾಹಾಸ್ ಪುರಸಭೆಯ ಕಾರ್ಯದರ್ಶಿ ಹೊಳೆಯುವ ಬೂಟು ಹಾಕಿ ಒಂದು ಬದಿಗೆ ನಿಂತಿದ್ದ.

ಗುಪ್ಪೆಯನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ನನ್ನಷ್ಟೆತ್ತರ. ಸುತ್ತ ಎಲ್ಲೆಲ್ಲೂ ಚೂಪು ಸುಣ್ಣಕಲ್ಲು, ಇದೊಂದು ಮಾತ್ರ ದುಂಡನೆಯ ಕಲ್ಲುಗಳು, ನುಣುಪಾಗಿ.

“ಅಧ್ಯಕ್ಷರೇ, ಇದೇ ನಿಮ್ಮ ಗಡಿಗಲ್ಲಾ?” ಎಂದು ಆ ಹುಡುಗಿ ಕೇಳಿದಳು. ಅವಳ ಆಳುಗಳು ಗುದ್ದಲಿ ಹಿಡಿದು ನಿಂತಿದ್ದರು.

ಉಬಾಲ್ದೊ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ಕಾಗದ ಚೀಲದಲ್ಲಿತ್ತು. ತೆಗೆಯಲೆಂದೇ ಕೈ ಹಾಕಿದೆ, ನಿಜ ಹೇಳುತ್ತೇನೆ, ಕೂಕಾಳ ಮೊಮ್ಮಗುವಿನ ಮುಖ ನೋಡಿ ಕೊಟ್ಟೇಬಿಡೋಣ ಎಂದುಕೊಂಡೇ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಕಲ್ಲು. ಮೇಜಿನ ಮೇಲಿದ್ದ ಕರೀ ಕಲ್ಲು. ಅದು ಚೀಲಕ್ಕೆ ಹೇಗೆ ಬಂತೋ ಗೊತ್ತಿಲ್ಲ, ಹಾಳೆಗಳ ಜೊತೆ ಬಂದಿರಬೇಕು.

“ಅಲ್ಲ,” ಎಂದೆ. “ಗಡಿಗಲ್ಲು ಅಲ್ಲಿ ಕೆಳಗಿದೆ, ಮುಳ್ಳುಪೊದೆ ಬುಡದಲ್ಲಿ. ಕೆಳಗೆ ಇದ್ದಿಲಿದೆ. ನಾನೇ ಕೆದಕಿ ನೋಡಿದ್ದೀನಿ.”

ಕೂಕಾ ನನ್ನ ಸೊಂಟದ ಮೇಲಿನ ಕೈ ತೆಗೆದಳು. ತಿನಾಹಾಸ್‌ನವನು ಹಲ್ಲು ಕಿರಿದ. “ಬರ್ಕೊಳ್ಳಿ ಎಂಜಿನಿಯರಮ್ಮ, ಅವರೇ ಒಪ್ಕೊಂಡ್ರು.”

ಅವಳು ಬರೆದುಕೊಂಡಳು. ಆಮೇಲೆ ತಲೆಯೆತ್ತಿ, “ಹಾಗಾದ್ರೆ ಇದೇನು?” ಎಂದಳು.

ದೊನ್ ಫಿದೆನ್ಸಿಯೊ ಕತ್ತೆಯಿಂದ ಇಳಿದು ಗುಪ್ಪೆಯ ಬುಡದ ಒಂದು ಕಲ್ಲಿನ ಮೇಲೆ ಅಂಗೈ ಇಟ್ಟರು. “ಇದು ನಮ್ಮಣ್ಣ ಕಾಸಿಮಿರೋದು. ಆಚೆ ದಡದಲ್ಲಿ ರೈಲು ಹಳಿ ಹಾಕ್ತಿದ್ದ.” ಕೂಕಾ ನನ್ನ ಮುಖ ನೋಡದೆ ಮುಂದೆ ಬಂದಳು. “ನಮ್ಮಪ್ಪನಿಗೆ ಇಟ್ಟಿದ್ದು ಇದೇ ಕಡೆ ಎಲ್ಲೋ ಇರ್ಬೇಕು. ಹತ್ತಿ ಬಿಡಿಸೋಕೆ ಹೋಗಿದ್ದ.” ಆಮೇಲೆ ಒಬ್ಬೊಬ್ಬರಾಗಿ. ಒಬ್ಬನಿಗೆ ಯಾವ ಕಲ್ಲೆಂದು ಗೊತ್ತಿರಲಿಲ್ಲ, ಸುಮ್ಮನೆ ಗುಪ್ಪೆಗೆ ಎದೆಯಾನಿಸಿ ನಿಂತ. ಉಬಾಲ್ದೊ ಟೋಪಿ ತೆಗೆದು ಬಿಳೀ ಗೆರೆಯ ಕಲ್ಲು ತೋರಿಸಿದ. “ನಮ್ಮಣ್ಣ ನಬೋರ್ ರೆಂತೆರಿಯಾ. ಕರಬೂಜದ ಹೊಲ, ಬಿಸಿಲು.”

ಆ ಹುಡುಗಿ ಬರೆಯುತ್ತಲೇ ಇದ್ದಳು. ಕೊನೆಗೆ ತಿನಾಹಾಸ್‌ನವನ ಕಡೆ ತಿರುಗಿದಳು. “ಇಲ್ಲಿ ನಿಮ್ಮೂರಿನೋರು ಯಾರಿದ್ದಾರೆ?”

ಅವನು ಬೂಟು ನೋಡಿಕೊಂಡ. “ಅದು... ಕೇಳಿ ಹೇಳ್ಬೇಕು.”

“ವಾದೊದಲ್ಲಿ ಯಾರಾದ್ರೂ ತೀರಿಕೊಂಡ್ರೆ ನೀವು ಎಲ್ಲಿ ಮಣ್ಣು ಮಾಡ್ತೀರಿ?”

ಅವನು ಬೂಟಿನ ಧೂಳು ಒರೆಸಲು ಬಗ್ಗಿದ.

ಅವಳು ಆಳುಗಳಿಗೆ ಗುದ್ದಲಿ ಕೆಳಗಿಡಲು ಹೇಳಿದಳು. ನನ್ನ ಬಳಿ ಬಂದು ಮೆಲ್ಲನೆ, “ಇದ್ದಿಲು ಒಂದು ಸಾಕ್ಷಿ, ಇದೂ ಒಂದು ಸಾಕ್ಷಿ. ಎರಡನ್ನೂ ಬರೀತೀನಿ ದೊನ್ಯಾ. ತೀರ್ಮಾನ ಮಾತ್ರ ನನ್ನ ಕೈಲಿಲ್ಲ,” ಎಂದಳು.

ಎಲ್ಲರೂ ಇಳಿಯಲು ಶುರು ಮಾಡಿದ ಮೇಲೆ ನಾನು ಹಿಂದುಳಿದೆ. ಕರೀ ಕಲ್ಲನ್ನು ಬಿಳೀ ಗೆರೆಯದರ ಪಕ್ಕ ಇಟ್ಟೆ. ಅಲ್ಲಾಡದಂತೆ ಒತ್ತಿ ಕೂರಿಸಿದೆ. ಹಾಳೆಗಳಿಗೆ ಬೇರೆ ಏನಾದರೂ ಹುಡುಕಿಕೊಳ್ಳಬೇಕು.

ನವೆಂಬರ್ 2, ಶನಿವಾರ

ಸತ್ತವರ ದಿನ. ಸ್ಮಶಾನಕ್ಕೆ ಹೋಗಿ ನಬೋರ್‌ನ ಸಮಾಧಿ ಗುಡಿಸಿ, ಚೆಂಡುಹೂ ಇಟ್ಟು, ಅವನಿಗೆ ಇಷ್ಟವಾದ ಸಿಹಿ ಬ್ರೆಡ್ಡೂ ಸೋತೋಲ್ ಹೆಂಡವೂ ಇಟ್ಟೆ. ಪ್ರತಿವರ್ಷ ಗುಡಿಸಿ ಬಂದುಬಿಡುತ್ತಿದ್ದೆ. ಈ ಸಲ ಕೂತೆ. ಬಿಸಿಲಿಳಿಯುವವರೆಗೂ ಕೂತು ಊರ ಸುದ್ದಿ ಹೇಳಿದೆ, ಬೈಯುವುದನ್ನೂ ಬೈದೆ. ಬೀಸುಗಾಳಿಗೆ ಮೇಣದಬತ್ತಿ ಆರಿದಾಗೆಲ್ಲ ಮತ್ತೆ ಹಚ್ಚಿದೆ.

ಪಕ್ಕದಲ್ಲೇ ಅಪ್ಪನ ಸಮಾಧಿಯ ಬಳಿ ಕೂಕಾ ಇದ್ದಳು. ಮಾತಿಲ್ಲ.

ಡಿಸೆಂಬರ್ 9, ಸೋಮವಾರ

ಬೆಳಗ್ಗೆ ಬಾಗಿಲಲ್ಲಿ ಖಾಲಿ ನೀರಿನ ಕ್ಯಾನು ಇಟ್ಟಿದ್ದರು ಯಾರೋ. ಮೊದಲು ಯಾರದೋ ಮರೆತು ಹೋದದ್ದು ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಅಂಗಡಿಯಲ್ಲಿ ನಾನು ಹೋದೊಡನೆ ಮಾತು ನಿಲ್ಲುತ್ತದೆ. ತುಂಬಾ ನೋವಾಯಿತು. ತೀರ್ಮಾನ ನಮ್ಮ ವಿರುದ್ಧ ಬಂದರೆ ಈ ಊರಲ್ಲಿ ನಾನು ಹೇಗಿರುವುದು?

ಮಧ್ಯಾಹ್ನ ಕೂಕಾ ಬಂದಳು. ಕ್ಯಾನು ನೋಡಿದಳು. ಏನೂ ಹೇಳದೆ ಎತ್ತಿಕೊಂಡು ಹೋಗಿ ತನ್ನ ಮನೆಯಿಂದ ತುಂಬಿಸಿ ತಂದಿಟ್ಟಳು.

“ಇಷ್ಟಕ್ಕೆ ರಾಜಿಯಾದೆ ಅಂದ್ಕೋಬೇಡ,” ಎಂದಳು. “ಇನ್ನೂ ಸಿಟ್ಟಿದೆ.”

“ಇರ್ಲಿ.”

“ಚೀಸು ಬೇಕಾ?”

“ಬೇಕು.”

2014 ಫೆಬ್ರವರಿ 11, ಮಂಗಳವಾರ

ಉಬಾಲ್ದೊ ಚೌಕ ದಾಟಿ ಓಡುತ್ತ ಬಂದ. ಅವನ ಹೊಟ್ಟೆ ಇಟ್ಟುಕೊಂಡು ಓಡುವುದೆಂದರೆ ಸಾಮಾನ್ಯವಲ್ಲ. ಟೋಪಿ ಎಲ್ಲಿಯೋ ಬಿದ್ದಿತ್ತು. ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತ.

“ಫೋನ್ ಬಂತು. ರಾಜಧಾನಿಯಿಂದ.”

ಗಡಿಗಲ್ಲು ಈಚೆಯದೇ ನಿಜ ಎಂದು ಸಮಿತಿ ಒಪ್ಪಿದೆ. ಪಡುವಣದ ಮೇವಿನ ಬಯಲು ತಿನಾಹಾಸ್‌ಗೆ ಹೋಯಿತು. ಆದರೆ ವಾದೊ, ಅಲ್ಲಿಂದ ಏರು ಹತ್ತಿ ಬರುವ ದಾರಿ, ಆ ದಾರಿಯ ಚಿಲುಮೆ, ಈ ಮೂರೂ ಸಾನ್ ಪ್ರಿಮಿತಿವೊಗೆ. ಆ ಜನ ತಮ್ಮ ಸತ್ತವರನ್ನು ಹೊತ್ತು ತಂದದ್ದು ಈ ಊರಿಗೆ ಎಂದು ಕಾರಣ ಬರೆದಿದ್ದಾರಂತೆ.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಅಳು ಬಂತು, ಅತ್ತೆ. ಅವನೂ ಅತ್ತ, ಅಧ್ಯಕ್ಷನಾಗಿಯೂ ನಾಚಿಕೆ ಬಿಟ್ಟು. ಬೇಲಿಯ ಆಚೆಯಿಂದಲೇ ಕೂಕಾ, “ಮೇವಿನ ಬಯಲು ಹೋಯ್ತಾ? ನನ್ನ ಮೇಕೆ ಏನು ಆಜ್ಞೆ ತಿನ್ಬೇಕಾ?” ಎಂದು ಕೂಗಿದಳು. ಅವಳಿಗೆ ಎಲ್ಲ ಕೇಳಿಸಿರುತ್ತದೆ, ಯಾವಾಗಲೂ.

“ಊರಿಗೆ ಹೇಳ್ಬೇಕು ಅತ್ತಿಗೆ,” ಎಂದ ಉಬಾಲ್ದೊ. “ಹಲಗೆ ತರ್ಲಾ?”

“ಬೇಡ.”

ಮೈಕಿನ ಮೇಲಿನ ಬಟ್ಟೆ ತೆಗೆದು ಧೂಳು ಊದಿದೆ. ಗುಂಡಿ ಒತ್ತಿದೆ. ಚಾವಣಿಯ ಮೇಲೆ ಗೊರ್ ಎಂದು ಸದ್ದಾಯಿತು, ಚೌಕದ ಪಾರಿವಾಳಗಳೆಲ್ಲ ಹಾರಿದವು. ಸುದ್ದಿ ಹೇಳಿದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ, ಮುದಿಯಾಗಿದೆ. ಹೊರಗೆ ಶಿಳ್ಳೆ, ಕೂಗಾಟ, ಯಾರೋ ಇಗರ್ಜಿಯ ಗಂಟೆ ಬಾರಿಸಲು ಓಡಿದರು. ಉಬಾಲ್ದೊ ಆರಿಸಲು ಕೈ ಚಾಚಿದ. ಅವನ ಕೈ ಹಿಡಿದೆ.

“ನಬೋರ್ ರೆಂತೆರಿಯಾ,” ಎಂದೆ.

ಕೂಗಾಟ ನಿಂತಿತು. ಗಂಟೆಯೂ ನಿಂತಿತು.

“ನಬೋರ್ ರೆಂತೆರಿಯಾ. ನಿಮಗೆ ಈಚೆ ದಡದಿಂದ ಫೋನ್ ಬಂದಿದೆ.”

ಎಂದಿನಂತೆ ಸ್ವಲ್ಪ ಹೊತ್ತು ಕಾದೆ, ಬರುವವರಿಗೆ ಕೊಡುವಷ್ಟು ಹೊತ್ತು. ಆಮೇಲೆ ಗುಂಡಿ ಆರಿಸಿ, ಕೋಣೆಗೆ ಬೀಗ ಹಾಕಿ, ಮನೆಗೆ ಬಂದು ಬೀನ್ಸ್ ಬೇಯಲು ಇಟ್ಟೆ. ನೀರು ಸಣ್ಣಗೆ ಬರುತ್ತಿತ್ತು, ಆದರೆ ಬರುತ್ತಿತ್ತು.